ತಾರ್ತುವಿನಿಂದ ಪತ್ರ: ಅಜ್ಜಿಯ ಬೀಸುವ ಹಾಡು ಕಳಿಸಿ

ತಾರ್ತು, ಎಸ್ಟೋನಿಯಾ
ಜುಲೈ 2025

ತೀರ್ಥರೂಪ ಅಪ್ಪನಿಗೂ ಅವ್ವನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ. ನಮ್ಮ ಇಂಡಿ ತಾಲ್ಲೂಕಿನ ಕಡೆ ಮಳೆ ಹಿಡಿದಿದೆ, ತೊಗರಿ ಬಿತ್ತನೆ ಮುಗಿಯಿತು ಎಂದು ತಮ್ಮ ತಿಳಿಸಿದ. ಸಮಾಧಾನವಾಯಿತು.

ಅಪ್ಪ, ಓದಲು ಹೋದವಳು ಸಂಜೆಯೆಲ್ಲ ಹಾಡುತ್ತಾ ಕುಳಿತರೆ ಹೇಗೆ ಎಂದು ಫೋನಿನಲ್ಲಿ ಕೇಳಿದಿರಿ. ಓದಿಗೆ ತೊಂದರೆಯಾಗಿಲ್ಲ, ಪರೀಕ್ಷೆ ಮುಗಿದಿವೆ, ಅಂಕಗಳೂ ಚೆನ್ನಾಗಿವೆ. ಆದರೆ ವಿಶ್ವವಿದ್ಯಾಲಯದ ಹಾಡುಗಾರರ ತಂಡವಾದ ಕಾಯರ್‌ನಲ್ಲಿ ಹಾಡುವುದು ಬಿಡುವಿನ ಹೊತ್ತಿನ ಹವ್ಯಾಸವೆಂದು ಮಾತ್ರ ನಾನು ಹೇಳಲಾರೆ. ಅದನ್ನು ಬಿಡಿಸಿ ಹೇಳಲು ಫೋನು ಸಾಲದು ಎಂದೇ ಈ ಪತ್ರ.

ಕಾಲೇಜಿನ ಗ್ಯಾದರಿಂಗ್‌ನಲ್ಲಿ ನಾವೆಲ್ಲ ಸೇರಿ ಒಂದೇ ಧಾಟಿ ಹಾಡುತ್ತಿದ್ದೆವಲ್ಲ, ಇದು ಹಾಗಲ್ಲ. ಹಾಡುವವರು ನಾಲ್ಕು ಗುಂಪು. ಹೆಣ್ಣುಮಕ್ಕಳಲ್ಲಿ ಏರುಕಂಠದವರು ಸೊಪ್ರಾನೊ, ತಗ್ಗುಕಂಠದವರು ಆಲ್ಟೊ. ಗಂಡಸರಲ್ಲಿ ಟೆನರ್ ಮತ್ತು ಬಾಸ್. ನಾಲ್ಕೂ ಗುಂಪು ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ಹಿಡಿಯುತ್ತವೆ. ನಾನು ಆಲ್ಟೊ. ಹಾಡಿನ ಧಾಟಿ ಹೆಚ್ಚಾಗಿ ಸೊಪ್ರಾನೊದವರ ಪಾಲಿಗೆ ಹೋಗುತ್ತದೆ. ನನ್ನ ಸಾಲನ್ನಷ್ಟೇ ಹಾಡಿ ತೋರಿಸಿದರೆ ಇದೆಂಥ ಹಾಡು ಎಂದು ನೀವು ಕೇಳುತ್ತೀರಿ. ನಾಲ್ಕೈದು ಮಾತ್ರೆಗಳ ತನಕ ಅದೇ ಸ್ವರ, ಆಮೇಲೆ ಅರ್ಧ ಸ್ವರ ಕೆಳಗೆ, ಮತ್ತೆ ಮೇಲೆ. ಆದರೆ ನಾವು ಆ ಅರ್ಧ ಸ್ವರ ಇಳಿದ ಕ್ಷಣದಲ್ಲೇ ಇಡೀ ಹಾಡಿನ ಭಾವ ತಿರುಗುತ್ತದೆ. ಕೇಳುವವರಿಗೆ ಅದು ಯಾರಿಂದ ಆಯಿತೆಂದು ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ.

ವಿಜಯಪುರದ ಗುರುಗಳು ಹಾರ್ಮೋನಿಯಂ ಮುಂದೆ ಕೂರಿಸಿ ‘ಷಡ್ಜ ಬಿಡಬೇಡ’ ಎಂದೇ ಕಲಿಸಿದರು. ಇಲ್ಲಿ ವಾದ್ಯವೇ ಇರುವುದಿಲ್ಲ. ನಿರ್ದೇಶಕಿ ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದು ನಾಲ್ಕು ಗುಂಪಿಗೆ ನಾಲ್ಕು ಸ್ವರವನ್ನು ಮೆಲ್ಲನೆ ಗುನುಗುತ್ತಾರೆ, ಅಷ್ಟೇ. ಅಲ್ಲಿಂದ ಮುಂದೆ ಪಕ್ಕದವರ ದನಿಯೇ ನಮಗೆ ಶ್ರುತಿ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲಿ ನಡೆಯದು, ದನಿ ಅಲುಗದೆ ನೇರವಾಗಿ ನಿಲ್ಲಬೇಕು. ಕಾಗದ ನೋಡಿ ಸ್ವರ ಓದುವುದು ಬೇಗ ಬಂತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ನನಗೆ ಬಹಳ ಹಿಡಿಸಿದ್ದು ಉಸಿರಿನ ವಿಷಯ. ಕೆಲವು ಸಾಲುಗಳು ಎಷ್ಟು ಉದ್ದವೆಂದರೆ ಒಬ್ಬರ ಉಸಿರಿಗೆ ನಿಲುಕುವುದಿಲ್ಲ. ಹಾಗಾಗಿ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಉಸಿರೆಳೆಯುತ್ತೇವೆ. ಎಡಗಡೆಯ ಗೆಳತಿ ಉಸಿರು ತೆಗೆದುಕೊಳ್ಳುವುದು ಅವಳ ತೋಳಿನ ಚಲನೆಯಿಂದ ನನಗೆ ತಿಳಿಯುತ್ತದೆ. ಅವಳು ಮರಳಿ ದನಿ ಸೇರಿಸುವವರೆಗೆ ನಾನು ಬಿಡುವುದಿಲ್ಲ. ಆಮೇಲೆ ನನ್ನ ಸರದಿ. ಸದ್ದಿಲ್ಲದೆ ನಿಂತು, ಉಸಿರೆಳೆದು, ಅದೇ ಸ್ವರಕ್ಕೆ ಮೆಲ್ಲಗೆ ಸೇರಿಕೊಳ್ಳುತ್ತೇನೆ. ಹೊರಗೆ ಕುಳಿತವರಿಗೆ ದನಿ ಎಲ್ಲೂ ಕಡಿಯದೆ ಹರಿಯುತ್ತಿರುತ್ತದೆ. ಮನೆಯಿಂದ ಇಷ್ಟು ದೂರ ಬಂದವಳಿಗೆ ಇದು ಎಷ್ಟು ದೊಡ್ಡ ಆಸರೆಯೆಂದು ಹೇಗೆ ಹೇಳಲಿ!

ಇನ್ನು ಈ ಊರಿನ ವಿಷಯ. ಎಸ್ಟೋನಿಯಾದ ಜನಸಂಖ್ಯೆ 14 ಲಕ್ಷವೂ ಇಲ್ಲ. ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ಹೆಚ್ಚು ಜನ ಇದ್ದೇವೆ. ಇವರ ಮೊದಲ ಹಾಡುಹಬ್ಬ ನಡೆದದ್ದು ಇದೇ ತಾರ್ತುವಿನಲ್ಲಿ, 1869ರಲ್ಲಿ. ಆಗ ಇದು ರಷ್ಯಾದ ಚಕ್ರವರ್ತಿಯ ಆಳ್ವಿಕೆ, ದೊಡ್ಡ ಜಮೀನುಗಳ ಒಡೆಯರು ಜರ್ಮನ್ ಭಾಷೆಯವರು, ಎಸ್ಟೋನಿಯನ್ ಎಂದರೆ ರೈತರ ಮಾತು. ಆ ಮಾತಿನಲ್ಲಿ ಹಾಡಲು ಊರೂರಿನ ಕಾಯರ್‌ಗಳು ಬಂದು ಸೇರಿದವು. ಹಾಡಿದವರು ಗಂಡಸರು ಮಾತ್ರ, ಆದರೆ ಅಲ್ಲಿ ಹಾಡಿದ ‘ಮು ಇಸಮಾ ಒನ್ ಮಿನು ಆರ್ಮ್’ ಎಂಬ ತಾಯ್ನಾಡಿನ ಕವಿತೆ ಬರೆದವಳು ಲಿಡಿಯಾ ಕೊಯ್ದುಲಾ ಎಂಬ ಹೆಣ್ಣುಮಗಳು. ಹಬ್ಬವನ್ನು ಸಂಘಟಿಸಿದ ಪತ್ರಿಕಾ ಸಂಪಾದಕ ಯಾನ್ಸೆನ್ನನ ಮಗಳು ಅವಳು. ಅದೇ ಕವಿತೆಗೆ 1944ರಲ್ಲಿ ಗುಸ್ತಾವ್ ಎರ್ನೆಸಾಕ್ಸ್ ಹೊಸ ಧಾಟಿ ಕಟ್ಟಿದರು. ದೇಶ ಸೋವಿಯತ್ ಒಕ್ಕೂಟದ ಕೈಯಲ್ಲಿದ್ದ ಕಾಲದಲ್ಲಿ ಅದನ್ನು ಕಾರ್ಯಕ್ರಮದಿಂದ ತೆಗೆದುಹಾಕಿದ್ದರೂ 1960ರ ಹಬ್ಬದಲ್ಲಿ ಜನ ತಾವಾಗಿಯೇ ಎದ್ದು ಹಾಡಿದರು. 1988ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ತಾಲಿನ್ನಿನ ಹಾಡುಬಯಲಿನಲ್ಲಿ ಸ್ವಾತಂತ್ರ್ಯದ ಆಸೆಯಿಂದ ಹಾಡಲು 3 ಲಕ್ಷದಷ್ಟು ಜನ ಸೇರಿದ್ದರಂತೆ. 1991ರಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು. ಅಪ್ಪ, ಇಲ್ಲಿ ಹಾಡುವುದನ್ನು ಯಾರೂ ಏಕೆ ಹಗುರವಾಗಿ ನೋಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಈ ತಿಂಗಳ ಮೊದಲ ವಾರ ಅದೇ ಹಾಡುಹಬ್ಬಕ್ಕೆ ನಮ್ಮ ಕಾಯರ್ ಕೂಡ ಹೋಗಿತ್ತು. ಸುಮ್ಮನೆ ಸೇರಿಸಿಕೊಳ್ಳುವುದಿಲ್ಲ, ಮೊದಲೇ ಹಾಡಿ ತೋರಿಸಿ ಆಯ್ಕೆಯಾಗಬೇಕು. ಹಬ್ಬ ಈಗ ನಡೆಯುವ ತಾಲಿನ್ನಿನಲ್ಲಿ, ಸಮುದ್ರದ ಹತ್ತಿರದ ಆ ಹಾಡುಬಯಲಿನಲ್ಲಿ, 1960ರಲ್ಲಿ ಕಟ್ಟಿದ ಕಮಾನಿನ ದೊಡ್ಡ ವೇದಿಕೆಯಿದೆ. ಅದರ ಮೆಟ್ಟಿಲುಗಳ ಮೇಲೆ ಸಾವಿರ ಸಾವಿರ ಜನ ನಿಂತಾಗ ಒಂದು ಹೊಸ ಕಷ್ಟ ಎದುರಾಗುತ್ತದೆ: ಆಚೆ ತುದಿಯವರ ದನಿ ನಮ್ಮನ್ನು ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಅದನ್ನು ಕೇಳಿ ಹಾಡಿದರೆ ಎಲ್ಲರೂ ಹಿಂದೆ ಬೀಳುತ್ತೇವೆ. ವರ್ಷವಿಡೀ ಪಕ್ಕದವರಿಗೆ ಕಿವಿಗೊಟ್ಟು ಹಾಡಿದವರು ಅಲ್ಲಿ ದೂರದ ಗೋಪುರದ ಮೇಲೆ ನಿಂತ ನಿರ್ದೇಶಕರ ಕೈಯನ್ನಷ್ಟೇ ನಂಬಬೇಕು. ಕೊನೆಗೆ ಕೊಯ್ದುಲಾಳ ಹಾಡು ಬಂದಾಗ ಎದುರಿನ ಬಯಲಿನ ಜನರೆಲ್ಲ ಎದ್ದು ನಿಂತು ದನಿಗೂಡಿಸಿದರು. ನನ್ನ ಮುಂದೆ ನಿಂತಿದ್ದ ವಯಸ್ಸಾದ ಹೆಂಗಸಿನ ಹೆಗಲು ನಡುಗುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. ನಾನೂ ಅತ್ತುಬಿಟ್ಟೆ, ಅವ್ವ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಇಲ್ಲಿನ ಹಳ್ಳಿಯ ಹೆಂಗಸರಿಗೆ ‘ರೆಗಿಲೌಲ್’ ಎಂಬ ಹಳೆಯ ಹಾಡುಗಳಿವೆ. ಒಬ್ಬಳು ಒಂದು ಸಾಲು ಹೇಳುತ್ತಾಳೆ. ಸಾಲು ಮುಗಿಯುವ ಮೊದಲೇ ಉಳಿದವರು ಕೊನೆಯ ಅಕ್ಷರಗಳಿಗೆ ಸೇರಿಕೊಂಡು ಅದೇ ಸಾಲನ್ನು ಮತ್ತೆ ಹಾಡುತ್ತಾರೆ. ಯಾಕೊಬ್ ಹುರ್ಟ್ ಎಂಬ ಪಾದ್ರಿ 1888ರಲ್ಲಿ ಕರೆಕೊಟ್ಟಾಗ ಹಳ್ಳಿಗರೇ ಇಂಥ ಹಾಡುಗಳನ್ನು ಬರೆದು ಕಳಿಸಿದರಂತೆ. ನಮ್ಮ ಹಲಸಂಗಿಯ ಗೆಳೆಯರು, ಮಧುರಚೆನ್ನ ಮತ್ತು ಸಿಂಪಿ ಲಿಂಗಣ್ಣ, ಗರತಿಯರ ಬಾಯಿಂದ ತ್ರಿಪದಿ ಬರೆದುಕೊಂಡದ್ದು ನೆನಪಾಯಿತು. ವೆಲ್ಯೊ ತೊರ್ಮಿಸ್ ಎಂಬ ಸಂಗೀತಗಾರರು ರೆಗಿಲೌಲ್‌ಗಳನ್ನು ಕಾಯರ್‌ಗೆ ಹೊಂದಿಸಿದ್ದಾರೆ. ನಾವು ಅವನ್ನು ಮೊದಲ ಸಲ ಹಾಡಿದ ದಿನ ನನ್ನ ಕಿವಿಯಲ್ಲಿ ಇದ್ದದ್ದು ಅಜ್ಜಿಯ ಬೀಸುವ ಹಾಡು. ಅವಳು ಎತ್ತಿಕೊಡುತ್ತಿದ್ದಳು, ನೀನು ದನಿಗೂಡಿಸುತ್ತಿದ್ದೆ. ಅದನ್ನು ನಿರ್ದೇಶಕಿಗೆ ಹೇಳಿದೆ. ಒಂದೆರಡು ಹಾಡು ತರಿಸು, ಮುಂದಿನ ವರ್ಷ ಹಾಡೋಣ ಎಂದಿದ್ದಾರೆ.

ಆದ್ದರಿಂದ ಅವ್ವ, ಮೊಬೈಲಿನಲ್ಲಿ ಅಜ್ಜಿಯ ಹಾಡನ್ನು ಧ್ವನಿಮುದ್ರಿಸಿ ಕಳಿಸು. ಮಧ್ಯಾಹ್ನ ಬೇಡ, ಫ್ಯಾನಿನ ಸದ್ದು ಸೇರುತ್ತದೆ. ನಸುಕಿನಲ್ಲಿ ಪಡಸಾಲೆಯಲ್ಲಿ ಮಾಡು. ಬೀಸುಕಲ್ಲನ್ನು ಅಟ್ಟದಿಂದ ಇಳಿಸಲು ತಮ್ಮನಿಗೆ ಹೇಳು, ಕಲ್ಲು ತಿರುಗದಿದ್ದರೆ ಅವಳಿಗೆ ಲಯ ಸಿಗುವುದಿಲ್ಲ. ಹಿಡಿ ಜೋಳವಾದರೂ ಹಾಕಿ. ನಡುವೆ ಸಾಲು ಮರೆತು ನಿಂತರೆ ಅವಸರ ಮಾಡಬೇಡ, ಮೊಬೈಲನ್ನೂ ನಿಲ್ಲಿಸಬೇಡ, ಅವಳು ನೆನಪಿಸಿಕೊಳ್ಳಲಿ. ನಿನ್ನ ದನಿಯೂ ಇರಲೇಬೇಕು. ಅಪ್ಪ, ಅಜ್ಜಿ ಹೇಳಿದ ಮಾತುಗಳನ್ನು ನೀವು ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದು ಕಳಿಸಿ. ಅಕ್ಷರ ದೊಡ್ಡದಾಗಿರಲಿ, ನಾನು ಒಂದೊಂದು ಉಚ್ಚಾರವನ್ನೂ ಇವರಿಗೆ ಕಲಿಸಬೇಕು.

ನಿಮ್ಮ ಪ್ರೀತಿಯ ಮಗಳು