ಸಕಲೇಶಪುರದ ಆ ಮೆಕ್ಯಾನಿಕ್ ಅಣ್ಣನಿಗೆ

ಅಣ್ಣ, ಗಾಬರಿಯಲ್ಲಿ ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿದ್ದು ಕಂಡರೂ ಸ್ವಲ್ಪ ದೂರ ಅಲ್ವಾ ಅಂತ ಓಡಿಸಿಬಿಟ್ಟೆ. ಅದೇ ತಪ್ಪಾಯಿತು. ಅಪ್ಪನ 2010ರ ಕಾರು ಬಿಳಿ ಹೊಗೆ ಬಿಟ್ಟು ನಿಂತುಹೋಯಿತು.

ನಮ್ಮೂರಿನ ಗ್ಯಾರೇಜಿನವರು ಫೋನಿನಲ್ಲೇ, ಇಂಜಿನ್ ಹೋಗಿದೆ, 90 ಸಾವಿರ ಬೇಕು, ಸುಮ್ನೆ ಗುಜರಿಗೆ ಕೊಡಿ ಅಂದಿದ್ದರು. ನಾನು ಒಪ್ಪಿಯೂ ಆಗಿತ್ತು. ನೀವು ಬೈಕ್ ನಿಲ್ಲಿಸಿ ಬಂದಿರಿ. ಇಂಜಿನ್ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಲು ಬಿಡಲಿಲ್ಲ. ಆಮೇಲೆ ಆಯಿಲ್ ಕಡ್ಡಿ ಎಳೆದು ತೋರಿಸಿದಿರಿ, ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಹಾಗಿತ್ತು. ಇಂಜಿನ್ ತಂಪಾಗಿಡುವ ಕೂಲೆಂಟ್ ಆಯಿಲಿಗೆ ಸೇರಿದೆ, ಇಂಜಿನ್ನಿನ ಮೇಲ್ಭಾಗದ ಹೆಡ್ ಕೆಳಗೆ ಸೋರದ ಹಾಗೆ ಕೂರಿಸಿರುವ ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಹೆಡ್ ಬಿಚ್ಚಿ ಬಾಗಿದೆಯಾ, ಬಿರುಕು ಬಿಟ್ಟಿದೆಯಾ ಅಂತ ನೋಡದೆ ಯಾರು ರೇಟು ಹೇಳಿದರೂ ನಂಬಬೇಡಿ, ಮತ್ತೆ ಸ್ಟಾರ್ಟ್ ಮಾತ್ರ ಮಾಡಲೇಬೇಡಿ ಅಂದಿರಿ. ಮಳೆಯಲ್ಲೇ ಬಗ್ಗಿ ಅಡಿಭಾಗದ ತುಕ್ಕು ನೋಡಿದಿರಿ. 15 ವರ್ಷ ಆಗಿದೆ, ಆರ್‌ಸಿ ರಿನ್ಯೂ ಮಾಡಿಸಿದ್ದೀರಾ ಅಂತಲೂ ಕೇಳಿದಿರಿ. ಮಾಡಿಸಿದ್ದೆವು.

ಹಾಸನಕ್ಕೆ ಟೋಯಿಂಗ್ ಮಾಡಿಸಿ ಹೆಡ್ ಬಿಚ್ಚಿಸಿದೆ. ಸ್ವಲ್ಪ ಬಾಗಿತ್ತು, ಬಿರುಕಿರಲಿಲ್ಲ. ಹೆಡ್ ಉಜ್ಜಿ ಸಮ ಮಾಡುವ ಫೇಸಿಂಗ್, ಗ್ಯಾಸ್ಕೆಟ್, ಸೋರುತ್ತಿದ್ದ ವಾಟರ್ ಪಂಪ್, ಆಯಿಲ್, ಎಲ್ಲ ಸೇರಿ 24 ಸಾವಿರ ಆಯಿತು. ಅಪ್ಪ ಮೊದಲ ದಿನವೇ ಅಮ್ಮನನ್ನು ಕೂರಿಸಿಕೊಂಡು ಬೇಲೂರಿಗೆ ಹೋಗಿ ಬಂದರು.

ಅವತ್ತು ನೀವು ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಅಣ್ಣ, ತುಂಬಾ ತುಂಬಾ ಧನ್ಯವಾದ. ಆ ದಾರಿಯಲ್ಲಿ ಮತ್ತೆ ಬಂದಾಗ ನಿಮ್ಮನ್ನು ಹುಡುಕುತ್ತೇನೆ.