ಕ್ಷುದ್ರಗ್ರಹದ ಸುದ್ದಿ: ಶೇಕಡಾ ಅಂಕಿಯೊಂದೇ ಸಾಲದು

ಮಾನ್ಯರೇ,

2032ರ ಡಿಸೆಂಬರ್ 22ರಂದು ‘2024 ವೈಆರ್4’ ಕ್ಷುದ್ರಗ್ರಹ ಭೂಮಿಗೆ ಅಪ್ಪಳಿಸುವ ಸಾಧ್ಯತೆ 2025ರ ಫೆಬ್ರುವರಿ 18ರ ಹೊತ್ತಿಗೆ ಶೇ 3.1ಕ್ಕೆ ಏರಿತ್ತು. ಒಂದು ವಾರದೊಳಗೆ ಶೇ 0.004ಕ್ಕೆ ಕುಸಿಯಿತು. ಏರಿದಾಗ ಜನ ಹೆದರಿದರು. ಇಳಿದಾಗ ಕೆಲವರು ‘ಮೊದಲು ಹೇಳಿದ್ದೇ ಸುಳ್ಳು’ ಎಂದರು, ಇನ್ನು ಕೆಲವರು ‘ಏನನ್ನೋ ಮುಚ್ಚಿಡುತ್ತಿದ್ದಾರೆ’ ಎಂದರು. ಎರಡೂ ತಪ್ಪು. ಇಂಥ ಅಂಕಿ ಮೊದಲು ಏರಿ ಆಮೇಲೆ ಬೀಳುವುದು ಆ ಲೆಕ್ಕದ ಸ್ವಭಾವ.

ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕ 2024ರ ಡಿಸೆಂಬರ್ 27ರಂದು ಇದನ್ನು ಗುರುತಿಸಿದಾಗ, ಅದು ಆಗಲೇ ಭೂಮಿಯ ಸಮೀಪ ಹಾದು ದೂರ ಸರಿಯುತ್ತಿತ್ತು. ಕೆಲವೇ ವಾರಗಳ ವೀಕ್ಷಣೆ ಹಿಡಿದು ಎಂಟು ವರ್ಷ ಮುಂದಿನ ಸ್ಥಾನ ಲೆಕ್ಕ ಹಾಕಿದರೆ ಒಂದು ಚುಕ್ಕೆ ಸಿಗುವುದಿಲ್ಲ, ಉದ್ದನೆಯ ಪಟ್ಟಿಯೊಂದು ಸಿಗುತ್ತದೆ. ಪಟ್ಟಿಯ ಉದ್ದ ಭೂಮಿಯ ವ್ಯಾಸದ 100 ಪಟ್ಟು, ಭೂಮಿ ಅದರೊಳಗೆ ಎಲ್ಲೋ ಇದೆ ಎಂದುಕೊಳ್ಳಿ. ಪಟ್ಟಿಯ ಎಲ್ಲ ಕಡೆಗೂ ಸಮಾನ ಅವಕಾಶವೆಂದರೆ ಸಾಧ್ಯತೆ ಶೇ 1. ಹೊಸ ಅಳತೆಗಳಿಂದ ಪಟ್ಟಿಯ ಉದ್ದ ಭೂಮಿಯ ವ್ಯಾಸದ 33 ಪಟ್ಟಿನಷ್ಟಕ್ಕೆ ಕುಗ್ಗಿ, ಭೂಮಿ ಇನ್ನೂ ಒಳಗೇ ಉಳಿದರೆ ಶೇ 3. ಕಲ್ಲು ದಾರಿ ಬದಲಿಸಿಲ್ಲ. ನಮ್ಮ ಲೆಕ್ಕ ನಿಖರವಾಗಿದೆ, ಅಷ್ಟೇ. ಮತ್ತಷ್ಟು ಕುಗ್ಗಿದಾಗ ಭೂಮಿ ಪಟ್ಟಿಯಿಂದಾಚೆ ಉಳಿಯುತ್ತದೆ, ಅಂಕಿ ಒಮ್ಮೆಗೇ ಸೊನ್ನೆಯತ್ತ ಜಾರುತ್ತದೆ.

ಗಾತ್ರದ ವಿಷಯದಲ್ಲೂ ಇದೇ ತೊಡಕು. ಮೊದಲ ದಿನಗಳಲ್ಲಿ ಹೇಳಿದ 40ರಿಂದ 90 ಮೀಟರ್ ಬರೀ ಹೊಳಪಿನಿಂದ ಮಾಡಿದ ಅಂದಾಜು. ಕಪ್ಪು ಮೇಲ್ಮೈಯ ದೊಡ್ಡ ಕಲ್ಲೂ ತಿಳಿ ಬಣ್ಣದ ಸಣ್ಣ ಕಲ್ಲೂ ದೂರದಿಂದ ಒಂದೇ ಹೊಳಪಿನವಾಗಿ ಕಾಣುತ್ತವೆ. ವ್ಯಾಸ 40ರ ಬದಲು 90 ಮೀಟರ್ ಆದರೆ ತೂಕ 11 ಪಟ್ಟಿಗಿಂತ ಹೆಚ್ಚು! ಹೀಗಿರುವಾಗ ‘ನಗರವನ್ನೇ ಅಳಿಸುವ ಕಲ್ಲು’ ಎಂಬ ತಲೆಬರಹಕ್ಕೆ ಆಧಾರವೇನಿತ್ತು? ಮುಂದೆ ಜೇಮ್ಸ್ ವೆಬ್ ದೂರದರ್ಶಕ ಅದರ ಶಾಖದ ಕಿರಣಗಳನ್ನು ಅಳೆದ ಮೇಲಷ್ಟೇ ಗಾತ್ರ ಸುಮಾರು 60 ಮೀಟರ್ ಎಂದು ತಿಳಿಯಿತು.

ಆದ್ದರಿಂದ ಪತ್ರಿಕೆಗಳಲ್ಲಿ ನಮ್ಮ ಕೋರಿಕೆ ಇದು. ಶೇಕಡಾ ಅಂಕಿ ಅಚ್ಚು ಮಾಡುವಾಗ ಅದು ಯಾವ ದಿನದ ಲೆಕ್ಕ, ಎಷ್ಟು ದಿನಗಳ ವೀಕ್ಷಣೆಯ ಮೇಲೆ ನಿಂತದ್ದು, ಆ ಕಾಯ ಮತ್ತೆ ಯಾವಾಗ ಕಾಣಸಿಗುತ್ತದೆ ಎಂಬುದನ್ನೂ ಕೊಡಿ. 0ರಿಂದ 10ರವರೆಗಿನ ಟೊರಿನೊ ಮಾಪಕದ ಅಂಕವನ್ನಂತೂ ಬಿಡಲೇಬೇಡಿ. ಅದು ಸಾಧ್ಯತೆಯನ್ನೂ ಹೊಡೆತದ ಬಲವನ್ನೂ ಸೇರಿಸಿ ಹೇಳುತ್ತದೆ. ವೈಆರ್4 ತಲುಪಿದ್ದು 3. ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹಕ್ಕೆ 2004ರಲ್ಲಿ ಇದ್ದ ಸಾಧ್ಯತೆ ಶೇ 2.7 ಮಾತ್ರ, ಆದರೂ ಅದರ ಅಂಕ 4, ಏಕೆಂದರೆ ಅದು ಬಹಳ ದೊಡ್ಡದು. ಸುಮಾರು 340 ಮೀಟರ್‌ನ ಅದೇ ಅಪೋಫಿಸ್ 2029ರ ಏಪ್ರಿಲ್ 13ರಂದು ನೆಲದಿಂದ ಸುಮಾರು 32 ಸಾವಿರ ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ಅಪ್ಪಳಿಸುವುದಿಲ್ಲ. ಇದನ್ನು ಈಗಿನಿಂದಲೇ ಮತ್ತೆ ಮತ್ತೆ ಬರೆಯಬೇಕು.

ಮುನ್ಸೂಚನೆಯಿಲ್ಲದೆ ಬರುವ ಸಣ್ಣ ಕಲ್ಲುಗಳ ಬಗೆಗೂ ಜನರಿಗೆ ಒಂದು ಮಾತು ತಿಳಿದಿರಬೇಕು. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದು ಬರೀ 20 ಮೀಟರ್ ಆಸುಪಾಸಿನದು. ಸೂರ್ಯನ ದಿಕ್ಕಿನಿಂದ ಬಂದ ಕಾರಣ ಯಾರ ಕಣ್ಣಿಗೂ ಬೀಳಲಿಲ್ಲ. ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಹೆಚ್ಚಿನವರಿಗೆ ತಗುಲಿದ್ದು ಒಡೆದ ಗಾಜು. ಬೆಳಕು ಕಂಡೊಡನೆ ನೋಡಲೆಂದು ಕಿಟಕಿಗೆ ಬಂದವರು ಅವರಲ್ಲಿದ್ದರು. 30 ಕಿ.ಮೀ. ಎತ್ತರದ ಸ್ಫೋಟದ ಆಘಾತ ಅಲೆ ನೆಲ ಮುಟ್ಟಲು ಸುಮಾರು ಒಂದೂವರೆ ನಿಮಿಷ ಬೇಕು, ಪಕ್ಕಕ್ಕೆ ದೂರವಿದ್ದರೆ ಇನ್ನೂ ಹೆಚ್ಚು. ಆಕಾಶದಲ್ಲಿ ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿ, ಗಾಜಿನ ಬಾಗಿಲುಗಳಿಂದ ದೂರ ಸರಿದು ಗೋಡೆಯ ಮರೆಯಲ್ಲಿ ಕುಳಿತುಕೊಳ್ಳಿ. ಕೆಲವು ನಿಮಿಷ ಅಲ್ಲಿಂದ ಏಳಬೇಡಿ.