ಬಾಣಂತಿಯ ರವಿಕೆಗೆ ಹಳೆಯ ಅಳತೆ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಧಾರವಾಡದಲ್ಲಿ 22 ವರ್ಷಗಳಿಂದ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಿರುವ ನಾನು, ಮನೆಯಲ್ಲಿ ಬಾಣಂತಿಯನ್ನು ಇಟ್ಟುಕೊಂಡಿರುವ ತಾಯಂದಿರಿಗೂ ನನ್ನ ಹಾಗೆ ಹೊಲಿಗೆ ಯಂತ್ರದ ಮುಂದೆ ಕೂರುವವರಿಗೂ ಒಂದು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಹೆರಿಗೆಯಾದ ಮಗಳಿಗೆ ರವಿಕೆ ಹೊಲಿಸುವಾಗ ಅವಳ ಮದುವೆ ಕಾಲದ ರವಿಕೆಯನ್ನು ಅಳತೆಗೆಂದು ಕೊಟ್ಟು ಕಳಿಸಬೇಡಿ. ಅವಳ ಇಂದಿನ ಮೈಗೆ ಇಂದೇ ಅಳತೆ ತೆಗೆಸಿ.

ನಮ್ಮಲ್ಲಿ ಬಾಣಂತಿ ಹೊರಗೆ ಬರುವುದಿಲ್ಲ. ಹೀಗಾಗಿ ತೊಟ್ಟಿಲು ಶಾಸ್ತ್ರದ ರವಿಕೆಯ ಬಟ್ಟೆಯ ಜೊತೆಗೆ ಹಳೆಯದೊಂದು ಅಳತೆ ರವಿಕೆಯನ್ನು ಅವಳ ತಾಯಿಯೋ ತಂಗಿಯೋ ತಂದುಕೊಡುತ್ತಾರೆ. ಕಳೆದ ವರ್ಷ ಹಾಗೆಯೇ ಬಂದ ಒಂದು ರವಿಕೆಯನ್ನು ನಾನು ಅಂದಾಜಿನ ಮೇಲೆ ಒಂದು ಇಂಚು ದೊಡ್ಡದು ಮಾಡಿ ಹೊಲಿದುಕೊಟ್ಟೆ. ಶಾಸ್ತ್ರದ ದಿನ ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು, ಹುಕ್ಕು ಕೂಡುತ್ತಿಲ್ಲ ಎಂದು. ಕತ್ತರಿ, ಸೂಜಿದಾರ ಹಿಡಿದುಕೊಂಡು ಅವರ ಮನೆಗೆ ಹೋದಾಗ, ಅರ್ಧ ಉಟ್ಟ ರೇಷ್ಮೆ ಸೀರೆಯಲ್ಲಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ಆ ಹುಡುಗಿ ನನ್ನನ್ನು ನೋಡಿದ ಕೂಡಲೇ ಕೇಳಿದ್ದು ಒಂದೇ ಮಾತು: "ಅಕ್ಕಾ, ನಾ ರಾತ್ರಿ ಊಟ ಬಿಡ್ಲೇನ್ರಿ?" ಕೂಸಿಗೆ ಹಾಲೂಡುವ ತಾಯಿ ಊಟ ಬಿಡುವ ಮಾತಾಡಿದ್ದು ನಾನು ಮಾಡಿದ ತಪ್ಪಿನಿಂದ. ಬಟ್ಟೆ ಕಡಿಮೆ ಬಿದ್ದಿದ್ದರಿಂದ ಹೊಸ ರವಿಕೆಯ ಒಳಗೆ ಬಿಚ್ಚಲು ಏನೂ ಉಳಿದಿರಲಿಲ್ಲ. ಕೊನೆಗೆ ಅವಳ ಮದುವೆಯ ರವಿಕೆಯನ್ನೇ ತರಿಸಿ ಪಕ್ಕದ ಹೊಲಿಗೆ ಬಿಚ್ಚಿದೆ. ಹೊರಗಿನ ಬಟ್ಟೆ ಬೆವರಿಗೆ ಬಣ್ಣ ಕಳೆದುಕೊಂಡಿದ್ದರೂ ಒಳಗೆ ಮಡಚಿಕೊಂಡಿದ್ದ ಎರಡು ಬೆರಳು ಅಗಲದ ಪಟ್ಟಿ ಮದುವೆಯ ದಿನದ ಹಸಿರನ್ನು ಹಾಗೇ ಹಿಡಿದುಕೊಂಡಿತ್ತು. ಅದನ್ನು ಹೊಲಿದ ಪುಣ್ಯಾತ್ಮರು ಯಾರೋ, ಆ ಎರಡು ಬೆರಳು ಬಟ್ಟೆ ಬಿಟ್ಟಿದ್ದಕ್ಕೆ ಅಂದು ಅವಳು ನೆಟ್ಟಗೆ ಕೂತು ಆರತಿ ಮಾಡಿಸಿಕೊಂಡಳು.

ಹಳೆಯ ಅಳತೆ ಏಕೆ ಕೂಡುವುದಿಲ್ಲ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಹೆರಿಗೆಯ ನಂತರ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಬಸುರಿನಲ್ಲಿ ಹಿಗ್ಗಿ ನಡುವೆ ಬಿಟ್ಟುಕೊಂಡ ಹೊಟ್ಟೆಯ ಸ್ನಾಯುಗಳು ಕೂಡಿಕೊಳ್ಳಲು ಹಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಎದೆಯ ಅಳತೆಯಂತೂ ದಿನದೊಳಗೇ ಬದಲಾಗುತ್ತದೆ. ಕೂಸಿಗೆ ಹಾಲು ಕುಡಿಸಿದ ಮೇಲೆ ಟೇಪು ಹಿಡಿದರೆ ಒಂದು ಲೆಕ್ಕ ಬರುತ್ತದೆ, ಕುಡಿಸುವ ಮೊದಲು ಹಿಡಿದರೆ ಮತ್ತೊಂದು. ಆದ್ದರಿಂದ ಹಾಲು ತುಂಬಿರುವಾಗಲೇ ಅಳತೆ ತೆಗೆಯಬೇಕು. ಬಿಗಿಯಾದ ರವಿಕೆ ಮತ್ತು ಒಳಉಡುಪುಗಳಿಂದ ಹಾಲು ಕಟ್ಟಿಕೊಂಡು ಎದೆ ಗಡುಸಾಗಿ ಜ್ವರ ಬರುವುದೂ ಉಂಟಾದ್ದರಿಂದ, ಇದು ಬರೀ ಚೆಂದದ ಪ್ರಶ್ನೆಯಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ಸೀಮಂತವನ್ನು ನಾವು ಕುಬಸ ಎಂದೇ ಕರೆಯುತ್ತೇವೆ. ಬಸುರಿಗೆ ಮಾಡುವ ಕಾರ್ಯದ ಹೆಸರೇ ರವಿಕೆಯದು. ನಮ್ಮ ಅಜ್ಜಿಯರು ತೊಡುತ್ತಿದ್ದ ಗುಳೇದಗುಡ್ಡ ಖಣದ ಕುಪ್ಪಸಕ್ಕೆ ಹುಕ್ಕು ಇರುತ್ತಿರಲಿಲ್ಲ, ಎದೆಯ ಕೆಳಗೆ ಮುಂದೆಯೇ ಗಂಟು ಹಾಕುತ್ತಿದ್ದರು. ಮೈ ತುಂಬಿದಾಗ ಗಂಟು ಸಡಿಲ, ಇಳಿದಾಗ ಬಿಗಿ. ಕೂಸು ಅತ್ತಾಗ ಗಂಟು ಬಿಚ್ಚಿದರಾಯಿತು. ಬೆನ್ನ ಮೇಲೆ ಹುಕ್ಕು, ಬೆನ್ನ ಮೇಲೆ ದಾರ ಎಂದು ಹೊಲಿಸುವ ಇಂದಿನ ರವಿಕೆಯನ್ನು ತೊಟ್ಟ ತಾಯಿ, ಮದುವೆ ಮನೆಯಲ್ಲಿ ಕೂಸು ಅತ್ತರೆ ಅದನ್ನು ಬಿಚ್ಚಲು ಮತ್ತೊಬ್ಬರನ್ನು ಹುಡುಕಬೇಕು. ಹಾಲೂಡುವ ಒಂದೆರಡು ವರ್ಷವಾದರೂ ಹುಕ್ಕು ಮುಂದೆಯೇ ಇರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೈ ಒಪ್ಪವಾಗಿ ಕಾಣಲು ರವಿಕೆಯ ಉದ್ದವನ್ನು ಒಂದೂವರೆ ಇಂಚು ಹೆಚ್ಚಿಸಿ, ತೋಳನ್ನು ಮೊಣಕೈವರೆಗೆ ಇಳಿಸಿ, ಕಂಕುಳ ಸುತ್ತ ಅರ್ಧ ಇಂಚು ಸಡಿಲ ಕೊಟ್ಟರೆ ಸಾಕು. ಬೆನ್ನಿನ ಮೇಲೆ ಮಡಿಕೆ ಬೀಳುವುದು ನಿಲ್ಲುತ್ತದೆ, ಕೈ ಎತ್ತಿದಾಗ ಹೊಟ್ಟೆ ಕಾಣುವುದಿಲ್ಲ. ಒಳಗೆ ಹತ್ತಿಯ ಲೈನಿಂಗ್ ಇರಲೇಬೇಕು. ತಿಳಿಬಣ್ಣದ ರೇಷ್ಮೆಯ ಮೇಲೆ ಹಾಲಿನ ಕಲೆ ಕೂಡಲೇ ಎದ್ದು ಕಾಣುತ್ತದೆ. ಗಾಢ ಬಣ್ಣದ ಅಥವಾ ಸಣ್ಣ ಹೂವಿನ ಬಟ್ಟೆಯಾದರೆ ಆ ಅಂಜಿಕೆಯಿಲ್ಲ.

ಸೀರೆಯ ವಿಷಯದಲ್ಲಿ ಎಲ್ಲರೂ ಸೀರೆಯನ್ನೇ ನೋಡುತ್ತಾರೆ, ಒಳಲಂಗವನ್ನು ಯಾರೂ ನೋಡುವುದಿಲ್ಲ. ನನ್ನ ಅನುಭವದಲ್ಲಿ ಬಾಣಂತಿಯ ಸುಖ ಮತ್ತು ಚೆಂದ ಎರಡೂ ಒಳಲಂಗದಲ್ಲಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಹೆರಿಗೆಗಳಲ್ಲಿ 21ಕ್ಕೂ ಹೆಚ್ಚು ಸಿಸೇರಿಯನ್. ನಮ್ಮ ರಾಜ್ಯದಲ್ಲಿ ಈ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚು. ಆ ಗಾಯದ ಗೆರೆ ಸಾಮಾನ್ಯವಾಗಿ ಕಿಬ್ಬೊಟ್ಟೆಯಲ್ಲಿ ಅಡ್ಡಕ್ಕೆ ಇರುತ್ತದೆ. ಹೊಕ್ಕುಳ ಕೆಳಗೆ ಲಾಡಿ ಬಿಗಿದು, ಅದರ ಮೇಲೆ ಏಳೆಂಟು ನಿರಿಗೆಯ ಮುದ್ದೆಯನ್ನು ಸಿಕ್ಕಿಸಿದರೆ ಆ ಭಾರವೆಲ್ಲ ಗಾಯದ ಕಡೆಗೇ ಜಗ್ಗುತ್ತದೆ, ಲಾಡಿಯ ಮೇಲೆ ಹೊಟ್ಟೆಯೂ ಎದ್ದು ಕಾಣುತ್ತದೆ. ಲಾಡಿಯ ಬದಲು ಮೂರು ಇಂಚು ಅಗಲದ ಮೆತ್ತನೆಯ ಪಟ್ಟಿ ಇಟ್ಟು, ಹೊಕ್ಕುಳಿಗಿಂತ ಮೇಲೆ ಕೂರುವಂತೆ ಒಳಲಂಗ ಹೊಲಿಸಿ, ಗಂಟನ್ನು ಪಕ್ಕಕ್ಕೆ ತಂದರೆ ಆ ನೋವೂ ಇಲ್ಲ, ಉಬ್ಬೂ ಇಲ್ಲ. ನಿರಿಗೆ ಐದೇ ಇರಲಿ, ಸಣ್ಣಗಿರಲಿ, ನಡುವಿಗಿಂತ ತುಸು ಎಡಕ್ಕೆ ಸಿಕ್ಕಿಸಲಿ. ಸೆರಗನ್ನು ಮಡಿಕೆ ಮಾಡಿ ಪಿನ್ನು ಚುಚ್ಚುವುದಕ್ಕಿಂತ ಬಿಡಿಸಿ ಹೊದ್ದರೆ ಹೊಟ್ಟೆಯೂ ಮುಚ್ಚುತ್ತದೆ, ಹಾಲೂಡುವಾಗ ಮರೆಯೂ ಆಗುತ್ತದೆ. ಗಂಜಿ ಹಾಕಿದ ಹತ್ತಿ ಸೀರೆ, ಆರ್ಗಾಂಜಾ ಇವು ಮೈಯಿಂದ ದೂರ ನಿಂತು ಇರುವುದಕ್ಕಿಂತ ದಪ್ಪ ತೋರಿಸುತ್ತವೆ. ಮೈಸೂರು ಕ್ರೇಪ್, ನಾಲ್ಕು ಸಲ ಒಗೆದು ಮೆತ್ತಗಾದ ಇಳಕಲ್, ಇಂಥವು ತಮ್ಮ ಭಾರಕ್ಕೆ ತಾವೇ ನೆಟ್ಟಗೆ ಇಳಿಬೀಳುತ್ತವೆ.

ಚೂಡಿದಾರ ತೊಡುವವರು ಎದೆಯ ಕೆಳಗಿನಿಂದ ನಿಧಾನವಾಗಿ ಅಗಲವಾಗುತ್ತ ಹೋಗುವ ಕುರ್ತಾ ಹೊಲಿಸಲಿ. ಎದೆಯ ಎರಡೂ ಬದಿಯ ಹೊಲಿಗೆಯಲ್ಲಿ ಅಡಗಿಸಿ ಜಿಪ್ ಇಡಲು ಹೆಚ್ಚಿನ ಖರ್ಚಿಲ್ಲ. ಇದನ್ನೇ ತಾಯಂದಿರ ಉಡುಪೆಂಬ ಹೆಸರಿನಲ್ಲಿ ದುಪ್ಪಟ್ಟು ಬೆಲೆಗೆ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಬಾಣಂತಿಯ ಹೊಟ್ಟೆಗೆ ಹಳೆಯ ಪಂಚೆಯನ್ನು ಸುತ್ತುವ ರೂಢಿ ನಮ್ಮಲ್ಲಿದೆ. ಸಡಿಲವಾಗಿ ಸುತ್ತಿದರೆ ನಡುವಿಗೆ ಆಸರೆಯಾಗುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕೆಲವೇ ದಿನಗಳಲ್ಲಿ ಹೊಟ್ಟೆ ಕರಗಿಸುವುದಾಗಿ ಹೇಳಿ ಮಾರುವ ಬೆಲ್ಟುಗಳನ್ನು ನಂಬಿ ಉಸಿರು ಕಟ್ಟುವಂತೆ ಬಿಗಿದುಕೊಂಡವರನ್ನು ನೋಡಿದ್ದೇನೆ. ಬೆಲ್ಟಿನಿಂದ ಕೊಬ್ಬು ಕರಗುವುದಿಲ್ಲ. ಸಿಸೇರಿಯನ್ ಆದವರು ವೈದ್ಯರನ್ನು ಕೇಳದೆ ಅದನ್ನು ಕಟ್ಟಿಕೊಳ್ಳಬಾರದು.

ಕೆಲಸಕ್ಕೆ ಮರಳುವ ತಾಯಂದಿರ ಪಾಡು ಬೇರೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿದ್ದು ದೊಡ್ಡ ಉಪಕಾರ. ಆದರೆ ರಜೆ ಮುಗಿದ ಸೋಮವಾರ ಅಲ್ಮೇರಾ ತೆರೆದರೆ ಹಳೆಯ ಒಂದು ರವಿಕೆಯೂ ಮೈಗೆ ಏರುವುದಿಲ್ಲ. ಕೊನೆಯ ವಾರ ಹತ್ತು ರವಿಕೆಗಳ ಗಂಟು ಹೊತ್ತು ಓಡಿಬರುವ ಶಿಕ್ಷಕಿಯರಿಗೆ ನಾನು ಹೇಳುವುದು ಇಷ್ಟೇ: ಎಲ್ಲವನ್ನೂ ಬಿಚ್ಚಿಸಬೇಡಿ. ಕಪ್ಪು, ಕೆಂಪು, ಹಳದಿ ಈ ಮೂರು ಬಣ್ಣದ ಹೊಸ ರವಿಕೆ ಈಗಿನ ಅಳತೆಗೆ ಹೊಲಿಸಿಕೊಳ್ಳಿ, ಇರುವ ಸೀರೆಗಳಲ್ಲಿ ಬಹಳಷ್ಟಕ್ಕೆ ಒಪ್ಪುತ್ತವೆ. ಹಳೆಯವು ಪೆಟ್ಟಿಗೆಯಲ್ಲಿರಲಿ. ಮೈ ಇಳಿದರೆ ತೊಡಬಹುದು, ಇಳಿಯದಿದ್ದರೆ ತಂಗಿಗೆ ಕೊಡಬಹುದು.

ನನ್ನ ವೃತ್ತಿಯವರಲ್ಲಿ ಒಂದು ಬೇಡಿಕೆಯಿದೆ. ಮದುವೆಯ ರವಿಕೆಯಾಗಲಿ, ಕುಬಸದ ರವಿಕೆಯಾಗಲಿ, ಪಕ್ಕದ ಹೊಲಿಗೆಯ ಒಳಗೆ ಒಂದೊಂದು ಕಡೆಗೂ ಎರಡು ಬೆರಳು ಬಟ್ಟೆ ಬಿಡಿ, ಉಳಿದ ತುಂಡನ್ನು ಗಿರಾಕಿಗೆ ಮರಳಿಸಿ. ಬಾಣಂತಿಯ ರವಿಕೆ ಬಂದರೆ ಅವಳ ಮನೆಗೆ ಹೋಗಿ ಅಳತೆ ತೆಗೆಯಿರಿ. ಅಂದಿನಿಂದ ನಾನು ಹಾಗೆಯೇ ಮಾಡುತ್ತಿದ್ದೇನೆ. ಹತ್ತು ನಿಮಿಷದ ಕೆಲಸ, ಅದಕ್ಕೆ ಬೇರೆ ಹಣ ಕೇಳುವುದಿಲ್ಲ.

ತಮ್ಮ ಪತ್ರಿಕೆಯ ಮಹಿಳಾ ಪುಟದಲ್ಲಿ ಹೆರಿಗೆಯ ನಂತರ ತೂಕ ಇಳಿಸುವ ಬಗ್ಗೆ ಬರುವ ಲೇಖನಗಳ ಪಕ್ಕದಲ್ಲಿ, ಹಾಲೂಡುವ ತಾಯಿಯ ರವಿಕೆ ಮತ್ತು ಒಳಲಂಗಗಳ ಕತ್ತರಿಸುವ ಅಳತೆಯನ್ನು ಚಿತ್ರಸಹಿತ ಒಮ್ಮೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಅಳತೆಗಳನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಹೊಲಿಗೆ ವೃತ್ತಿಯ ಓದುಗಾರ್ತಿ, ಧಾರವಾಡ